ನೋಡಿದವರ ಹೊಣೆ

ಕಟ್ಟೆಮಳಲವಾಡಿಯಲ್ಲಿ ಲಕ್ಷ್ಮಣತೀರ್ಥಕ್ಕೆ ಅಡ್ಡವಾಗಿ ನಿಂತಿರುವ ಕಟ್ಟೆಯ ನೀರು ನಾಲೆ ಹಿಡಿದು ಗದ್ದೆಗಳಿಗೆ ಹರಿಯುತ್ತದೆ. ಅಂಥದೊಂದು ಗದ್ದೆಯಲ್ಲಿ ನಾಟಿಗೆ ಇಳಿದ ಬಸುರಿಗೆ ಏಳನೇ ತಿಂಗಳಲ್ಲಿ ರಕ್ತ ಕಾಣಿಸಿಕೊಂಡಿತು ಎಂದಿಟ್ಟುಕೊಳ್ಳೋಣ. ಹತ್ತಿರದ ವೈದ್ಯರು ನಾಡಿ ಹಿಡಿದು, ಬಿ.ಪಿ. ನೋಡಿ, ಹೊಟ್ಟೆಯ ಮೇಲೆ ಕೈಯಿಟ್ಟು ಪರೀಕ್ಷಿಸಬಲ್ಲರು. ಮಾಸು ಗರ್ಭಕೋಶದ ಬಾಯಿಗೆ ಅಡ್ಡಲಾಗಿ ಕೂತಿದೆಯೋ ಇಲ್ಲವೋ ಎಂಬುದನ್ನು ಅವರ ಕೈ ಹೇಳಲಾರದು. ಒಳಗೆ ಬೆರಳಿಟ್ಟು ನೋಡುವುದಂತೂ ಅಪಾಯ. ಮಾಸು ಅಡ್ಡ ಇದ್ದರೆ ನಿಲ್ಲಿಸಲಾಗದಷ್ಟು ರಕ್ತ ಹೋದೀತು. ಹಾಗಾಗಿ ಚೀಟಿ ಬರೆಯುತ್ತಾರೆ: ಸ್ಕ್ಯಾನಿಂಗ್ ಮಾಡಿಸಿ. ಚೀಟಿ ಹಿಡಿದ ಮನೆಯವರು ಹುಣಸೂರು ಪೇಟೆಗೆ, ಅಲ್ಲಿ ಆಗದಿದ್ದರೆ ಅಲ್ಲಿಂದ ಸುಮಾರು 45 ಕಿಲೋಮೀಟರ್ ದೂರದ ಮೈಸೂರಿಗೆ, ಚೆಲುವಾಂಬ ಆಸ್ಪತ್ರೆಗೆ ಹೊರಡುತ್ತಾರೆ. ಪಿರಿಯಾಪಟ್ಟಣದವರಿಗೆ ಈ ದಾರಿ ಇನ್ನೂ ಉದ್ದ. ಎಚ್.ಡಿ. ಕೋಟೆ ಸೀಮೆಯ ಡಿ.ಬಿ. ಕುಪ್ಪೆಯಂಥ ಊರಿನವರು ಮೊದಲು ಕಾಡನ್ನೇ ದಾಟಬೇಕು. ಇಷ್ಟು ದೂರ ಹೋಗಿ ಕೇಳಬೇಕಾದ ಪ್ರಶ್ನೆಗೆ ಉತ್ತರ ಹೇಳಬಲ್ಲ ಯಂತ್ರ ಈಗ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದಾಗಿದೆ. 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಪಡೆದ ಬಟರ್‌ಫ್ಲೈ ಐಕ್ಯೂ ಎಂಬ ಪ್ರೋಬ್‌ನಲ್ಲಿ ಹರಳುಗಳ ಜಾಗದಲ್ಲಿ ಸಿಲಿಕಾನ್ ಚಿಪ್ ಇತ್ತು, ಪರದೆಯಾಗಿ ಮೊಬೈಲ್ ಫೋನ್ ಇತ್ತು. ಬೆಲೆ 2000 ಡಾಲರಿಗೂ ಕಡಿಮೆ ಇತ್ತು. ಆಸ್ಪತ್ರೆಯ ದೊಡ್ಡ ಯಂತ್ರಕ್ಕೆ ಹತ್ತಾರು ಲಕ್ಷ ಸುರಿಯಬೇಕಾದ ನಾಡಿಗೆ ಇದು ಸಣ್ಣ ಸುದ್ದಿಯಲ್ಲ.

ಆದರೂ ಅದು ಹಳ್ಳಿ ವೈದ್ಯರ ಚೀಲದೊಳಗೆ ಸುಲಭವಾಗಿ ಬರುವಂತಿಲ್ಲ. ದುಡ್ಡು, ತರಬೇತಿ ಇವೆರಡನ್ನು ದಾಟಿದರೂ ಕಾಯ್ದೆ ಅಡ್ಡ ಬರುತ್ತದೆ. ಹೊಟ್ಟೆಯೊಳಗಿನ ಕೂಸು ಹೆಣ್ಣೆಂದು ತಿಳಿದು ತೆಗೆಸುವುದನ್ನು ತಡೆಯಲು 1994ರಲ್ಲಿ ಸಂಸತ್ತು ಮಾಡಿದ ಕಾಯ್ದೆ 1996ರಲ್ಲಿ ಜಾರಿಗೆ ಬಂತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. 2012ರಲ್ಲಿ ಸೇರಿಸಿದ ನಿಯಮದ ಪ್ರಕಾರ ಎತ್ತಿಕೊಂಡು ಹೋಗಬಹುದಾದ ಸ್ಕ್ಯಾನರನ್ನು ನೋಂದಾಯಿತ ಕಟ್ಟಡದೊಳಗಿನ ಒಳರೋಗಿಗಳಿಗೆ ಬಳಸಬೇಕು, ಇಲ್ಲವೇ ಬೇರೆ ಆರೋಗ್ಯಸೇವೆಗಳನ್ನೂ ಕೊಡುವ ಸಂಚಾರಿ ಘಟಕದ ಭಾಗವಾಗಿ ಬಳಸಬೇಕು. ಲಿಂಗ ಪತ್ತೆಗೆ ಒದಗಬಲ್ಲ ಯಂತ್ರವೆಲ್ಲ ಈ ಕಾಯ್ದೆಯ ಲೆಕ್ಕಕ್ಕೆ ಬರುವುದರಿಂದ, ಮುದುಕರ ಎದೆಯಲ್ಲಿ ನೀರು ತುಂಬಿದೆಯೇ ಎಂದು ನೋಡಲು ಬೇಕಾದ ಪ್ರೋಬ್ ಕೂಡ ಅದೇ ಅನುಮಾನದ ಕಣ್ಣಿಗೆ ಬೀಳುತ್ತದೆ. ಕಾಯ್ದೆಯ ಹಿಂದಿನ ನೋವು ನಿಜವಾದದ್ದು. ಅದರಾಚೆಗೆ ಧರ್ಮಜಿಜ್ಞಾಸೆಗೆ ಸೇರಿದ ಪ್ರಶ್ನೆಯೊಂದು ಉಳಿಯುತ್ತದೆ. ಇನ್ನೊಬ್ಬರ ದೇಹದ ಒಳಗನ್ನು ನೋಡುವ ಅಧಿಕಾರ ಯಾರಿಗಿದೆ? ನೋಡಿದ ಮೇಲೆ ಅವರ ಮೇಲೆ ಬೀಳುವ ಹೊಣೆ ಎಂಥದು? ಕಾಯ್ದೆ ನೋಟವನ್ನು ಕಟ್ಟಡಕ್ಕೆ ಕಟ್ಟಿಹಾಕಿದೆ. ಅದನ್ನು ಕಟ್ಟಬೇಕಾದದ್ದು ನೋಡುವವರಿಗೆ ಮತ್ತು ಅವರ ಕರ್ತವ್ಯಕ್ಕೆ ಎಂಬುದು ನನ್ನ ವಾದ.

ನೋಡುವುದರಿಂದ ಯಾರಿಗೇನಾಗುತ್ತದೆ ಎಂದು ಕೇಳುವವರಿದ್ದಾರೆ. ನಮ್ಮ ಹಳ್ಳಿಗಳು ಎಂದೂ ಹಾಗೆ ನಂಬಿದವಲ್ಲ. ಬಸುರಿಗೆ ದೃಷ್ಟಿಯಾಗುತ್ತದೆಂದು ಮೊದಮೊದಲ ತಿಂಗಳು ಸುದ್ದಿಯನ್ನೇ ಹೊರಗೆ ಬಿಡುವುದಿಲ್ಲ. ಹಸುಗೂಸಿನ ಕೆನ್ನೆಗೆ ಕಪ್ಪು ಚುಕ್ಕೆ ಇಡುತ್ತಾರೆ. ಬೆಳೆದ ಹೊಲದಲ್ಲಿ ಬೆರ್ಚಪ್ಪನನ್ನು ನಿಲ್ಲಿಸುವುದು ಹಕ್ಕಿಗಷ್ಟೇ ಅಲ್ಲ, ಹಾದುಹೋಗುವವರ ಕಣ್ಣಿಗೂ ಸೇರಿಸಿ. ಇದೇ ಜನ ದೇವಸ್ಥಾನಕ್ಕೆ ಹೋಗುವುದು ದೇವರನ್ನು ನೋಡಲು, ಅದಕ್ಕಿಂತ ಹೆಚ್ಚಾಗಿ ದೇವರ ಕಣ್ಣಿಗೆ ಬೀಳಲು. ಒಂದು ನೋಟ ಸುಡುತ್ತದೆ, ಇನ್ನೊಂದು ನೋಟ ಕಾಯುತ್ತದೆ. ಇದನ್ನು ಮೂಢನಂಬಿಕೆ ಎಂದು ಬದಿಗಿಡುವ ಮೊದಲು ಅದರೊಳಗಿನ ತಿಳಿವಳಿಕೆಯನ್ನು ಗಮನಿಸಬೇಕು. ಕಣ್ಣಿನ ಕಿರಣದಿಂದ ಕೂಸಿಗೆ ಜ್ವರ ಬರುವುದಿಲ್ಲ ನಿಜ, ಆದರೆ ನೋಟ ಎಂಬುದು ಮಾಡುವವರೂ ಮಾಡಿಸಿಕೊಳ್ಳುವವರೂ ಇರುವ ಒಂದು ಕರ್ಮ ಎಂಬ ಅರಿವು ಸರಿಯಾದದ್ದೇ. ಕರ್ಮ ಎಂದ ಮೇಲೆ ಅದಕ್ಕೆ ಕರ್ತೃ ಇರಬೇಕು, ಫಲವೂ ಇರಬೇಕು. ಅಲ್ಟ್ರಾಸೌಂಡ್ ಸುತ್ತಲಿನ ನಮ್ಮ ಚರ್ಚೆ ಈ ಕರ್ತೃವನ್ನು ಬಿಟ್ಟು ಬರೀ ಯಂತ್ರದ ಸುತ್ತ ಸುತ್ತುತ್ತಿದೆ.

ಈ ಯಂತ್ರ ಹುಟ್ಟಿದ ಕಾಲದಲ್ಲೇ ಧರ್ಮದ ಪ್ರಶ್ನೆಯೂ ಅದರ ಜೊತೆ ಹುಟ್ಟಿತು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಹೆರಿಗೆ ವೈದ್ಯರಾಗಿದ್ದ ಇಯಾನ್ ಡೊನಾಲ್ಡ್, ಬಾಯ್ಲರುಗಳ ಬೆಸುಗೆಯಲ್ಲಿ ಬಿರುಕು ಹುಡುಕಲು ಕಾರ್ಖಾನೆಯವರು ಬಳಸುತ್ತಿದ್ದ ಶಬ್ದತರಂಗದ ಉಪಕರಣವನ್ನು ಹೊಟ್ಟೆಯ ಗಡ್ಡೆಗಳ ಮೇಲೆ ಪ್ರಯೋಗಿಸಿ, 1958ರಲ್ಲಿ ತಮ್ಮ ಜೊತೆಗಾರರೊಂದಿಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಇನ್ನೇನೂ ಮಾಡಲಾಗದ ಹೊಟ್ಟೆಯ ಕ್ಯಾನ್ಸರ್ ಎಂದು ಕೈಬಿಟ್ಟಿದ್ದ ಹೆಂಗಸೊಬ್ಬಳ ಒಳಗಿದ್ದದ್ದು ಅಂಡಾಶಯದ ದೊಡ್ಡ ನೀರುಗಡ್ಡೆ ಎಂದು ಆ ಉಪಕರಣ ತೋರಿಸಿತು. ಶಸ್ತ್ರಚಿಕಿತ್ಸೆಯಾಗಿ ಅವಳು ಉಳಿದಳು. ಡೊನಾಲ್ಡ್ ದೈವಭಕ್ತ ಕ್ರೈಸ್ತರು. ಬ್ರಿಟನ್ನಿನಲ್ಲಿ 1967ರ ಗರ್ಭಪಾತ ಕಾಯ್ದೆ ಬಂದಾಗ ಅವರು ಅದನ್ನು ವಿರೋಧಿಸಿದರು, ತಾವೇ ಕಾಣುವಂತೆ ಮಾಡಿದ ಭ್ರೂಣದ ಚಿತ್ರಗಳನ್ನು ಆ ವಾದಕ್ಕೆ ಬಳಸಿದರು. ಕೂಸನ್ನು ಕಂಡರೆ ಜನ ಅದನ್ನು ಉಳಿಸುತ್ತಾರೆಂದು ಅವರು ನಂಬಿದ್ದರು. ಅದೇ ಚಿತ್ರ ಕೆಲವೇ ದಶಕಗಳಲ್ಲಿ ಭಾರತದಲ್ಲಿ ಹೆಣ್ಣು ಕೂಸನ್ನು ಗುರುತಿಸಿ ಕೊಲ್ಲಲು ಒದಗಿತು. ಚಿತ್ರ ತಾನಾಗಿ ಯಾರನ್ನೂ ದಯಾವಂತರನ್ನಾಗಿ ಮಾಡುವುದಿಲ್ಲ, ಕ್ರೂರರನ್ನಾಗಿಯೂ ಮಾಡುವುದಿಲ್ಲ.

ಪರದೆಯ ಮೇಲೆ ಕಾಣುವುದು ನಾವು ಅಂದುಕೊಂಡ ಹಾಗೆ ಕಣ್ಣಾರೆ ಕಂಡದ್ದೂ ಅಲ್ಲ. ಪ್ರೋಬ್ ಕಿವಿಗೆ ಕೇಳದ ಶಬ್ದವನ್ನು ಒಳಗೆ ಕಳಿಸುತ್ತದೆ, ಅಂಗಾಂಗಗಳ ಅಂಚಿಗೆ ತಾಗಿ ಮರಳಿದ ಪ್ರತಿಧ್ವನಿಗೆ ಎಷ್ಟು ಹೊತ್ತು ಹಿಡಿಯಿತೆಂದು ಲೆಕ್ಕ ಹಾಕುತ್ತದೆ. ಮೆದು ಅಂಗಾಂಶದಲ್ಲಿ ಶಬ್ದ ಸೆಕೆಂಡಿಗೆ 1540 ಮೀಟರ್ ಓಡುತ್ತದೆಂದು ಮೊದಲೇ ಒಪ್ಪಿಕೊಂಡು ದೂರವನ್ನು ಊಹಿಸಿ ಚುಕ್ಕೆಗಳನ್ನು ಮೂಡಿಸುತ್ತದೆ. ನಮ್ಮ ನೈಯಾಯಿಕರ ವಿಂಗಡಣೆಯಲ್ಲಿ ಇದು ಪ್ರತ್ಯಕ್ಷವಾಗದೆ ಅನುಮಾನದ ಗುಂಪಿಗೆ ಸೇರುತ್ತದೆ. ಹೊಗೆ ಕಂಡು ಬೆಂಕಿಯನ್ನು ತಿಳಿಯುವ ಹಾಗೆ ಇಲ್ಲಿ ಪ್ರತಿಧ್ವನಿಯಿಂದ ಅಂಗವನ್ನು ತಿಳಿಯುತ್ತೇವೆ. ಹೇತು ತಪ್ಪಿದರೆ ತೀರ್ಮಾನ ತಪ್ಪುತ್ತದೆ. ಗಾಳಿ ತುಂಬಿದ ಕರುಳು, ಮೂಳೆ, ದಪ್ಪ ಕೊಬ್ಬು ಇವೆಲ್ಲ ಹೇತುವನ್ನು ಕೆಡಿಸುತ್ತವೆ; ಇಲ್ಲದ್ದು ಇದ್ದಂತೆ, ಇದ್ದದ್ದು ಇಲ್ಲದಂತೆ ತೋರುತ್ತದೆ. ಕಲಿಯದವರ ಕೈಗೆ ಯಂತ್ರ ಕೊಡಬಾರದು ಎಂಬ ಆಕ್ಷೇಪಕ್ಕೆ ಇಲ್ಲಿಯೇ ಬಲವಿದೆ. ಅದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಎಷ್ಟು ಕಲಿಯಬೇಕು ಎಂಬುದು ಯಾವ ಪ್ರಶ್ನೆ ಕೇಳುತ್ತೇವೆ ಎಂಬುದರ ಮೇಲೆ ನಿಂತಿದೆ. ಕೂಸಿನ ಹೃದಯದ ನಾಲ್ಕು ಕೋಣೆಗಳನ್ನು ಅಳೆದು ದೋಷ ಹೇಳುವುದು ವರ್ಷಗಳ ವಿದ್ಯೆ. ಟ್ರ್ಯಾಕ್ಟರ್ ಮಗುಚಿ ಬಿದ್ದವನ ಹೊಟ್ಟೆಯಲ್ಲಿ ರಕ್ತ ಸೋರಿದೆಯೇ, ಮಾಸು ಮೇಲಿದೆಯೋ ಅಡ್ಡ ಇದೆಯೋ, ಒಳಗೆ ಕೂಸು ಒಂದೋ ಎರಡೋ ಎಂಬಂಥ ಪ್ರಶ್ನೆಗಳನ್ನು ಎಂ.ಬಿ.ಬಿ.ಎಸ್. ಓದಿದವರು ಕೆಲ ತಿಂಗಳ ಶ್ರದ್ಧೆಯಲ್ಲಿ ಕಲಿಯಬಲ್ಲರು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಗಳಲ್ಲಿ ಇಂಥ ಸಣ್ಣ ಪ್ರಶ್ನೆಗಳಿಗೆ ದಿನವೂ ಕೆಲಸವಿದೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳ ನಡುವೆ ದುಡಿದು ಬೀಡಿ ಸೇದಿ ಸವೆದ ಎದೆಗೆ ಉಸಿರು ಕಟ್ಟಿದರೆ, ಅದು ಶ್ವಾಸಕೋಶದ ಕಾಯಿಲೆಯೋ, ಹೃದಯ ಸೋತು ನೀರು ತುಂಬಿದ್ದೋ ಎಂಬುದು ಎದೆಯ ಮೇಲಿಟ್ಟ ಪ್ರೋಬ್‌ನಿಂದ ನಿಮಿಷಗಳಲ್ಲಿ ಸ್ಪಷ್ಟವಾಗಬಹುದು. ಎರಡಕ್ಕೂ ಔಷಧ ಬೇರೆ, ತಪ್ಪು ಔಷಧಕ್ಕೆ ಜೀವವೇ ಬೆಲೆ. ಕಾಡಂಚಿನಲ್ಲಿ ಆನೆ ತುಳಿದವರನ್ನು ಮೈಸೂರಿನವರೆಗೆ ಸಾಗಿಸಬಹುದೇ, ದಾರಿಯಲ್ಲೇ ರಕ್ತ ಕೊಡಬೇಕೇ ಎಂಬುದು ಹೊಟ್ಟೆಯೊಳಗಿನ ಸೋರಿಕೆಯ ಮೇಲೆ ನಿಂತಿದೆ. ಟಿ.ಬಿ.ಯಿಂದ ಪಕ್ಕೆಯಲ್ಲಿ ಕಟ್ಟಿದ ನೀರು, ಗಾಯದ ಕೆಳಗೆ ಕಟ್ಟಿಕೊಂಡ ಕೀವು, ಕುಡಗೋಲು ಕಣದ ಕಾಯಿಲೆಯಿರುವ ಗಿರಿಜನ ಮಕ್ಕಳ ಊದಿದ ಗುಲ್ಮ, ಮೂತ್ರ ಕಟ್ಟಿ ನರಳುವ ಹಿರಿಯರ ತುಂಬಿದ ಚೀಲ ಇವು ಯಾವುದಕ್ಕೂ ದೊಡ್ಡ ಯಂತ್ರ ಬೇಕಿಲ್ಲ. ಇಷ್ಟು ತಿಳಿಯಬಹುದಾಗಿದ್ದೂ ತಿಳಿಯದೆ ಬಿಟ್ಟರೆ ಅದಕ್ಕೆ ಧರ್ಮದ ಲೆಕ್ಕದಲ್ಲಿ ಏನೆನ್ನಬೇಕು? ಇಲ್ಲಿ ಈ ಸೀಮೆಯಲ್ಲೇ ಬೇರು ಬಿಟ್ಟ ಎರಡು ಪರಂಪರೆಗಳು ನೆರವಿಗೆ ಬರುತ್ತವೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ 1960ರ ದಶಕದಲ್ಲಿ ಟಿಬೆಟಿಯನ್ನರು ತಂದ ಬೌದ್ಧ ವಿದ್ಯೆಯಲ್ಲಿ ಕರ್ಮದ ತಿರುಳು ಸಂಕಲ್ಪ. ಮನಸ್ಸಿನ ಉದ್ದೇಶವೇ ಕೃತ್ಯವನ್ನು ಒಳಿತೋ ಕೆಡುಕೋ ಮಾಡುತ್ತದೆ. ಬಿಳಿಕೆರೆ ಸೀಮೆಯ ಗೊಮ್ಮಟಗಿರಿ ನೆನಪಿಸುವ ಜೈನ ಪರಂಪರೆ ಇನ್ನೊಂದು ಹೆಜ್ಜೆ ಮುಂದಿಡುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವಾಗ ಪ್ರಮಾದವನ್ನು, ಅಂದರೆ ಎಚ್ಚರಗೇಡಿತನವನ್ನು, ಅದರ ಮೂಲದಲ್ಲಿಡುತ್ತದೆ. ಕೊಲ್ಲುವ ಮನಸ್ಸಿಲ್ಲದಿದ್ದರೂ ನೋಡದೆ ಕಾಲಿಟ್ಟವರು ಹೊಣೆಯಿಂದ ಪಾರಾಗುವುದಿಲ್ಲ. ಈ ಮಾತನ್ನು ವ್ಯವಸ್ಥೆಗೂ ಚಾಚಬಹುದು ಎಂದು ನನಗನ್ನಿಸುತ್ತದೆ. ನೋಡುವ ಸಾಧನ ಅಂಗೈಗೆ ಬಂದಿರುವಾಗ ಬಡವರ ಒಳಗನ್ನು ಮಾತ್ರ ಕತ್ತಲಲ್ಲಿ ಬಿಡುವ ನಾಡು ಯಾರನ್ನೂ ಕೊಲ್ಲಬೇಕೆಂದುಕೊಂಡಿರುವುದಿಲ್ಲ. ಆದರೂ ಅಲ್ಲಿ ಹಿಂಸೆ ನಡೆಯುತ್ತಿರುತ್ತದೆ.

ಈಗ ದೊಡ್ಡ ಆಕ್ಷೇಪಕ್ಕೆ ಬರೋಣ. 2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಭೇದಿಸಿದ ಭ್ರೂಣಹತ್ಯೆ ಜಾಲ ನಮ್ಮ ನೆರೆಯದೇ. ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ನಡೆಯುತ್ತಿತ್ತು, ಮೈಸೂರಿನಲ್ಲಿ ಗರ್ಭ ತೆಗೆಸುತ್ತಿದ್ದರು ಎಂದು ತನಿಖೆ ಹೇಳಿತು. ಕಬ್ಬಿನ ಹಾಲು ಕುದಿಯುವ ಜಾಗಕ್ಕೆ ಬಸುರಿಯರನ್ನು ಕರೆತಂದು, ಹೆಣ್ಣೆಂದು ತಿಳಿದರೆ ಮುಂದಕ್ಕೆ ಕಳಿಸುತ್ತಿದ್ದರೆಂಬುದು ಆರೋಪ. ವೈದ್ಯರೂ ಸೇರಿ ಹಲವರ ಬಂಧನವಾಯಿತು, ಪ್ರಕರಣ ಸಿಐಡಿಗೆ ಹೋಯಿತು. ಮರುವರ್ಷ ಮೇ ತಿಂಗಳಲ್ಲಿ ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಇಂಥದೇ ಕೃತ್ಯದ ಆರೋಪ ಕೇಳಿಬಂತು. ಇದು ಅಲ್ಲೊಂದು ಇಲ್ಲೊಂದು ನಡೆದ ದುಷ್ಕೃತ್ಯವಲ್ಲ. ದೇಶದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 2001ರ ಜನಗಣತಿಯಲ್ಲಿ 927 ಹೆಣ್ಣುಮಕ್ಕಳಿದ್ದರು, 2011ರಲ್ಲಿ 919ಕ್ಕೆ ಇಳಿದರು. ಕರ್ನಾಟಕದ ಲೆಕ್ಕ 948 ಇತ್ತು, ಅದೂ ನೆಮ್ಮದಿ ಕೊಡುವ ಸಂಖ್ಯೆಯಲ್ಲ. ದೊಡ್ಡ ಯಂತ್ರವಿದ್ದಾಗಲೇ ಹೀಗಾದರೆ, ಜೇಬಿನಲ್ಲಿ ಬಚ್ಚಿಡಬಹುದಾದ ಯಂತ್ರ ಊರೂರಿಗೆ ಬಂದರೆ ಆಲೆಮನೆಯೂ ಬೇಕಾಗುವುದಿಲ್ಲವಲ್ಲ ಎಂದು ಕೇಳುವವರ ಮಾತನ್ನು ಹಗುರವಾಗಿ ತಳ್ಳಲಾಗದು.

ನಮ್ಮ ಪುರಾಣಸ್ಮೃತಿ ಈ ಪಾಪವನ್ನು ಅತಿ ಘೋರಗಳ ಸಾಲಿನಲ್ಲಿಟ್ಟಿದೆ. ಮಹಾಭಾರತ ಯುದ್ಧದ ಕೊನೆಯಲ್ಲಿ ಅಶ್ವತ್ಥಾಮ ನಿದ್ದೆಯಲ್ಲಿದ್ದವರನ್ನು ಕೊಂದ ಮೇಲೂ ತಣಿಯದೆ ಅಸ್ತ್ರವನ್ನು ಉತ್ತರೆಯ ಗರ್ಭದ ಕಡೆಗೆ ತಿರುಗಿಸುತ್ತಾನೆ. ಕೃಷ್ಣನ ಶಾಪ ಬೀಳುವುದು ಆಗ: ಮೂರು ಸಾವಿರ ವರ್ಷ ಯಾರ ಸಂಗವೂ ಇಲ್ಲದೆ ಕೀವು ರಕ್ತ ನಾರುತ್ತ ಅಲೆ ಎಂದು. ಅದೇ ಕಥೆಯಲ್ಲಿ ಇನ್ನೊಂದು ಸಂಗತಿಯಿದೆ. ಗರ್ಭದ ಕಡೆಗೆ ಎರಡು ಗಮನಗಳು ಹರಿದವು, ಒಂದು ಅಳಿಸಲು, ಇನ್ನೊಂದು ಪರೀಕ್ಷಿತನನ್ನು ಬದುಕಿಸಲು. ಕೊಲ್ಲುವ ಗಮನ ಅಲ್ಲಿಯವರೆಗೆ ತಲುಪೀತೆಂದು ಕಾಯುವ ಗಮನವನ್ನು ಯಾರೂ ತಡೆಯಲಿಲ್ಲ. ನಮ್ಮ ಇಂದಿನ ಏರ್ಪಾಟಿನಲ್ಲಿ ನಡೆದಿರುವುದು ಹೆಚ್ಚುಕಡಿಮೆ ಆ ತಡೆಯೇ. ಆಲೆಮನೆಗೆ ಯಂತ್ರ ತಲುಪಿದ್ದು ಕಾಯ್ದೆ ಜಾರಿಯಲ್ಲಿದ್ದಾಗ, ನೋಂದಣಿಯ ಕಟ್ಟಳೆ ಇದ್ದಾಗ. ಕಟ್ಟಡದ ನಿಯಮಕ್ಕೆ ಅವರು ಬೆಲೆ ಕೊಡಲಿಲ್ಲ. ಬೆಲೆ ಕೊಟ್ಟವರು, ಕಾಯ್ದೆಗೆ ಹೆದರಿ ಪ್ರೋಬ್ ಮುಟ್ಟದೆ ಚೀಟಿ ಬರೆದು ಕೂತವರು, ಹಳ್ಳಿಯ ಪ್ರಾಮಾಣಿಕ ವೈದ್ಯರು. ಹಾಗೆಂದು ಕಾಯ್ದೆ ಬೇಡವೆನ್ನುವವನು ನಾನಲ್ಲ. ಲಿಂಗ ಹೇಳಬಾರದೆಂಬ ನಿಷೇಧ, ಯಂತ್ರ ಮಾರುವವರ ಮೇಲಿನ ಲೆಕ್ಕ, ತಪ್ಪಿದವರಿಗೆ ಸೆರೆವಾಸ ಇವು ಉಳಿಯಲೇಬೇಕು. 2019ರಲ್ಲಿ ಸುಪ್ರೀಂ ಕೋರ್ಟ್ ದಾಖಲೆ ಬರೆಯುವಲ್ಲಿನ ಲೋಪವನ್ನೂ ಅಪರಾಧವೆಂದೇ ಎತ್ತಿಹಿಡಿದಾಗ ಹಲವು ವೈದ್ಯರು ನೊಂದುಕೊಂಡರು. ಎಚ್ಚರಗೇಡಿತನವೂ ಹಿಂಸೆಯ ಬೇರು ಎಂದು ಒಪ್ಪಿದ ಮೇಲೆ ಆ ತೀರ್ಪಿನ ಹಿಂದಿನ ಆಶಯವನ್ನು ನಾನು ಅಲ್ಲಗಳೆಯಲಾರೆ. ನನ್ನ ತಕರಾರು ಗೋಡೆಯ ಮೇಲಿನ ನಂಬಿಕೆಯ ಬಗ್ಗೆ. ಫೋನಿಗೆ ಜೋಡಿಸುವ ಹೊಸ ಪ್ರೋಬ್‌ಗೆ ಹಳೆಯ ಯಂತ್ರಕ್ಕಿಲ್ಲದ ಒಂದು ಗುಣವಿದೆ. ಯಾರು, ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ, ದೇಹದ ಯಾವ ಭಾಗವನ್ನು ನೋಡಿದರು ಎಂಬುದನ್ನು ಅದು ಬರೆದಿಡುವಂತೆ ಮಾಡಬಹುದು. ಧೂರ್ತರು ಆ ಬರಹವನ್ನೂ ಅಳಿಸಲು ದಾರಿ ಹುಡುಕಿಯಾರು, ಅದು ನಿಜ. ಆದರೂ ಕೊಠಡಿಯೊಂದಕ್ಕೆ ಹಾಕಿದ ಮುದ್ರೆಗಿಂತ ಹೆಸರಿರುವ ಮನುಷ್ಯರೊಬ್ಬರ ಮೇಲೆ ಹೊರಿಸಿದ ಹೊಣೆ ಹೆಚ್ಚು ಗಟ್ಟಿ.

ಇಷ್ಟೆಲ್ಲ ವಾದಿಸಿ ಊರೂರಿಗೆ ಸ್ಕ್ಯಾನರ್ ಕೊಟ್ಟರೆ ಸಾಕೇ? ಸಾಲದು ಎಂಬುದಕ್ಕೆ ಬಲವಾದ ಪುರಾವೆಯಿದೆ, ಅದನ್ನು ಈ ಯಂತ್ರದ ಅಭಿಮಾನಿಗಳು ಎದುರಿಸಲೇಬೇಕು. ಕಾಂಗೋ, ಗ್ವಾಟೆಮಾಲಾ, ಕೀನ್ಯಾ, ಪಾಕಿಸ್ತಾನ, ಜಾಂಬಿಯಾ ಈ ಐದು ದೇಶಗಳ ಹಳ್ಳಿಗಾಡಿನಲ್ಲಿ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಬಸುರಿಯರಿಗೆ ಸ್ಕ್ಯಾನ್ ಮಾಡಿಸಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2018ರಲ್ಲಿ ಬಂತು. ಕಲಿತವರ ನೋಟ ಬಹುಪಾಲು ಸರಿಯಾಗಿತ್ತು. ಆದರೆ ಸ್ಕ್ಯಾನ್ ಇದ್ದ ಊರುಗಳಲ್ಲಿ ತಾಯಿ ಮಕ್ಕಳ ಸಾವು ಕಡಿಮೆಯಾಗಲಿಲ್ಲ, ತೊಡಕಿದ್ದವರು ಆಸ್ಪತ್ರೆಯಲ್ಲಿ ಹೆರುವುದೂ ಹೆಚ್ಚಲಿಲ್ಲ. ನೋಡಿದ್ದು ನಿಜವಾಗಿದ್ದೂ ನೋಟದಿಂದ ಫಲ ಬರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 24 ವಾರದೊಳಗೆ ಒಂದು ಸ್ಕ್ಯಾನ್ ಆಗಲಿ ಎಂದು 2016ರಲ್ಲಿ ಹೇಳಿದ್ದರ ಹಿನ್ನೆಲೆಯಲ್ಲಿ ಈ ಫಲಿತಾಂಶ ಹಲವರನ್ನು ಕಂಗೆಡಿಸಿತು. ನನಗೆ ಇದು ಧರ್ಮದ ಪಾಠವಾಗಿಯೇ ಕಾಣುತ್ತದೆ. ಕುರುಕ್ಷೇತ್ರವನ್ನು ನೋಡಲು ವ್ಯಾಸರು ಕಣ್ಣು ಕೊಡುತ್ತೇನೆಂದಾಗ ಧೃತರಾಷ್ಟ್ರ ಬೇಡವೆಂದ, ದಿವ್ಯದೃಷ್ಟಿ ಸಂಜಯನಿಗೆ ಹೋಯಿತು. ಸಂಜಯ ಎಲ್ಲವನ್ನೂ ಕಂಡ, ಎಲ್ಲವನ್ನೂ ಹೇಳಿದ, ಒಬ್ಬನ ಜೀವವೂ ಅದರಿಂದ ಉಳಿಯಲಿಲ್ಲ. ತಡೆಯಬಲ್ಲ ಅಧಿಕಾರವಿದ್ದವನು ಕೇಳಿಸಿಕೊಂಡು ಸುಮ್ಮನಿದ್ದ. ನಮ್ಮ ಹಳ್ಳಿಗಳಿಗೆ ಬರೀ ಸಂಜಯರನ್ನು ಕಳಿಸಿದರೆ ಮಾಸು ಅಡ್ಡ ಇದೆಯೆಂದು ಹೇಳುವವರು ಸಿಗುತ್ತಾರೆ; 108ರ ಗಾಡಿ, ರಕ್ತ, ರಾತ್ರಿ ಹನ್ನೆರಡಕ್ಕೆ ಶಸ್ತ್ರಚಿಕಿತ್ಸೆ ಮಾಡುವವರು ಸಿಗುವುದಿಲ್ಲ. ಹಾಗಾದರೆ ಉಳಿದದ್ದೆಲ್ಲ ಸರಿಯಾಗುವವರೆಗೆ ಸ್ಕ್ಯಾನರ್ ಬೇಡವೆನ್ನೋಣವೇ ಎಂದರೆ, ಅದೂ ಧೃತರಾಷ್ಟ್ರನ ಉತ್ತರವೇ. ಕಂಡದ್ದು ಕಂಡವರನ್ನು ಕಟ್ಟಿಹಾಕಬೇಕು. ಬಸುರಿ ಚೆಲುವಾಂಬ ಆಸ್ಪತ್ರೆಯ ಹಾಸಿಗೆ ಸೇರಿದಳೆಂದು ಖಾತ್ರಿಯಾಗುವವರೆಗೆ ಅವಳು ಪ್ರೋಬ್ ಹಿಡಿದವರ ರೋಗಿಯೇ. ಎಚ್.ಡಿ. ಕೋಟೆ ಸೀಮೆಯಲ್ಲಿ ಇದಕ್ಕೆ ಮಾದರಿ ಇಲ್ಲದೇ ಇಲ್ಲ. 1984ರಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು ಆರಂಭಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕೆಂಚನಹಳ್ಳಿಯಲ್ಲಿ, ಸರಗೂರಿನಲ್ಲಿ ಆಸ್ಪತ್ರೆ ಕಟ್ಟಿ ನಿಂತದ್ದು ಜೀವಸೇವೆಯೇ ಶಿವಸೇವೆ ಎಂಬ ನಂಬಿಕೆಯ ಮೇಲೆ. ಅಲ್ಲಿ ಮೊದಲು ಬಂದದ್ದು ಅಲ್ಲೇ ಉಳಿಯಲು ಒಪ್ಪಿದ ಮನುಷ್ಯರು, ಯಂತ್ರಗಳು ಬಂದದ್ದು ಅವರ ಹಿಂದೆ.

ನೋಡಿಸಿಕೊಳ್ಳುವವರ ಕಡೆಯಿಂದಲೂ ಒಂದು ಮಾತಿದೆ, ಅದನ್ನು ನಾವು ಸಾಮಾನ್ಯವಾಗಿ ಕೇಳುವುದೇ ಇಲ್ಲ. ನಾಗರಹೊಳೆಯ ಸುತ್ತಿನ ಹಾಡಿಗಳ ಜೇನುಕುರುಬರು, ಬೆಟ್ಟಕುರುಬರು, ಎರವರು ಸರ್ಕಾರದ ಕಣ್ಣಿಗೆ ಬೀಳುವುದರಿಂದ ಒಳ್ಳೆಯದಾದ ನೆನಪು ಹೆಚ್ಚಿಲ್ಲದ ಜನ. ಅವರನ್ನು ಎಣಿಸಿದರು, ಪಟ್ಟಿ ಮಾಡಿದರು, ಕಾಡಿನಿಂದ ಹೊರಗಿಟ್ಟರು. ಹೈಕೋರ್ಟ್ ನೇಮಿಸಿದ್ದ ಪ್ರೊ. ಮುಜಾಫರ್ ಅಸಾದಿ ಸಮಿತಿ ಹೀಗೆ ಒಕ್ಕಲೆದ್ದ 3,418 ಕುಟುಂಬಗಳ ಲೆಕ್ಕ ಕೊಟ್ಟಿತು. ಹುಣಸೂರಿನ ನಾಗಾಪುರದ ಪುನರ್ವಸತಿ ಹಾಡಿಗಳು ಆ ಕಥೆಯ ಸಾಕ್ಷಿ. ಅಂಥವರ ಮನೆಯಂಗಳಕ್ಕೆ ಜೀಪಿನಲ್ಲಿ ಬಂದ ಅಪರಿಚಿತರು ಹೆಂಗಸಿನ ಹೊಟ್ಟೆಯ ಮೇಲೆ ತಣ್ಣನೆಯ ಜೆಲ್ ಹಚ್ಚಿ, ಪರದೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, ಏನೂ ಹೇಳದೆ ಬರೆದುಕೊಂಡು ಹೋದರೆ ಅದು ಮತ್ತೊಂದು ಎಣಿಕೆಯಾಗಿಯೇ ತೋರುತ್ತದೆ. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಗುರು ಶಿಷ್ಯನಿಗೆ ವಿಧಿಸುವ ಕಟ್ಟಳೆಗಳಿವೆ. ರೋಗಿಯ ಮನೆಯನ್ನು ಹೊಕ್ಕ ವೈದ್ಯನ ಮಾತು, ಮನಸ್ಸು, ಬುದ್ಧಿ, ಇಂದ್ರಿಯಗಳು ರೋಗಿಯ ಹಿತವನ್ನು ಬಿಟ್ಟು ಬೇರೆಲ್ಲೂ ಹರಿಯಬಾರದು, ಆ ಮನೆಯ ಸಂಗತಿ ಹೊರಗೆ ಬೀಳಬಾರದು ಎಂಬುದು ಅವುಗಳಲ್ಲಿ ಒಂದು. ಕಣ್ಣಿಗೂ ವ್ರತವಿದೆ ಎಂದಾಯಿತು. ಲಿಂಗವನ್ನು ಹುಡುಕದಿರುವುದು ಈ ವ್ರತದ ಒಂದು ಭಾಗ. ನೋಡುವ ಮೊದಲು ಕೇಳುವುದು, ಕಂಡದ್ದನ್ನು ಅವಳಿಗೆ ತಿಳಿಯುವ ನುಡಿಯಲ್ಲಿ ಹೇಳುವುದು, ಕೂಸಿನ ಎದೆ ಬಡಿತವನ್ನು ಅವಳಿಗೂ ತೋರಿಸುವುದು ಇನ್ನೊಂದು ಭಾಗ. ಬೇಡ ಎನ್ನುವ ಹಕ್ಕು ಅವಳಿಗಿದೆ. ಆ ದೇಹದ ಬಗೆಗಿನ ತಿಳಿವು ಮೊದಲು ಅವಳ ಸೊತ್ತು.

ಎಲ್ಲವೂ ಹಣೆಬರಹ, ಒಳಗೆ ಇಣುಕಿ ದೈವದ ಲೆಕ್ಕವನ್ನು ತಿಳಿಯಹೊರಡುವುದು ಸಲ್ಲದು ಎನ್ನುವವರಿಗೆ ಉದ್ದದ ಉತ್ತರ ಬೇಕಿಲ್ಲ. ಮಳೆ ದೈವದ್ದೆಂದು ನಂಬಿದವರೇ ಲಕ್ಷ್ಮಣತೀರ್ಥಕ್ಕೆ ಕಟ್ಟೆ ಕಟ್ಟಿದರು. ಯಂತ್ರ ಬಂದರೆ ವೈದ್ಯರು ಕೈಯಿಂದ ಮುಟ್ಟುವುದನ್ನು, ರೋಗಿಯ ಮಾತು ಕೇಳುವುದನ್ನು ಮರೆಯುತ್ತಾರೆ ಎಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಪರದೆಗೆ ಕಣ್ಣು ನೆಟ್ಟು ಮುಖವನ್ನೇ ನೋಡದ ವೈದ್ಯರನ್ನು ಎಲ್ಲರೂ ಬಲ್ಲರು. ಆದರೆ ಈಗಿನ ಪದ್ಧತಿಯಲ್ಲಿ ಮುಟ್ಟುವ ವೈದ್ಯರು ಒಬ್ಬರು, ನೋಡುವವರು ದೂರದ ಪೇಟೆಯಲ್ಲಿರುವ ಇನ್ನೊಬ್ಬರು, ಇಬ್ಬರ ನಡುವೆ ಒಂದು ಚೀಟಿ. ಸಣ್ಣ ಪ್ರೋಬ್ ಈ ಎರಡು ಕೆಲಸವನ್ನೂ ಒಂದೇ ಕೈಗೆ ತರುತ್ತದೆ. ಕಥೆ ಕೇಳಿದವರೇ, ಹೊಟ್ಟೆ ಮುಟ್ಟಿದವರೇ ಒಳಗನ್ನೂ ನೋಡಿದರೆ, ಪ್ರತಿಧ್ವನಿಯಿಂದ ಹುಟ್ಟಿದ ಆ ಅನುಮಾನಕ್ಕೆ ಬೇರೆ ಸಾಕ್ಷಿಗಳ ಆಸರೆ ಅಲ್ಲಿಯೇ ಸಿಗುತ್ತದೆ. 1816ರಲ್ಲಿ ಫ್ರೆಂಚ್ ವೈದ್ಯ ಲೆನೆಕ್ ರೋಗಿಯ ಎದೆಗೆ ಕಿವಿಗೊಡುವ ಬದಲು ಕೊಳವೆ ಹಿಡಿದು ಸ್ಟೆತಸ್ಕೋಪಿಗೆ ನಾಂದಿ ಹಾಡಿದರು. ಇಂದು ಅದೇ ಉಪಕರಣ ವೈದ್ಯರು ಹತ್ತಿರ ಬಂದರೆಂಬುದರ ಗುರುತಾಗಿದೆ.

ಕೊನೆಗೆ ಉಳಿಯುವ ಆಕ್ಷೇಪ ಇಷ್ಟು: ಹೊರೆಯೆಲ್ಲ ವೈದ್ಯರ ತಲೆಗೇ ಏಕೆ? ಹುದ್ದೆಗಳು ಖಾಲಿಯಿರುವ, ಒಬ್ಬರೇ ನೂರಾರು ಹೊರರೋಗಿಗಳನ್ನು ನೋಡುವ ಕಡೆ ಬಸುರಿ ಮೈಸೂರು ಮುಟ್ಟಿದಳೋ ಇಲ್ಲವೋ ಎಂದು ಬೆನ್ನು ಹತ್ತಲು ಯಾರಿಗೆ ಪುರಸೊತ್ತಿದೆ? ಈ ಹೊರೆಯನ್ನು ಹಂಚಿಕೊಳ್ಳಲು ಜನರಿದ್ದಾರೆ. ಆಶಾ ಕಾರ್ಯಕರ್ತೆಗೆ ಯಾವ ಮನೆಯಲ್ಲಿ ಬಸುರಿ ಇದ್ದಾಳೆಂದು ಗೊತ್ತು, ಹಳ್ಳಿಯ ಶುಶ್ರೂಷಕಿಯ ಬಳಿ ತಾಯಿ ಕಾರ್ಡಿನ ವಿವರವಿರುತ್ತದೆ, ಹೆರಿಗೆ ಆಸ್ಪತ್ರೆಯವರು ಬರಮಾಡಿಕೊಂಡದ್ದನ್ನು ತಿರುಗಿ ತಿಳಿಸಬಲ್ಲರು. ಕೊರತೆಯಿರುವುದು ಇವರನ್ನೆಲ್ಲ ಜೋಡಿಸುವ ಕಡ್ಡಾಯದ್ದು. ಬಸುರಿಯ ಪ್ರತಿಯೊಂದು ಸ್ಕ್ಯಾನಿಗೂ ಕಾಯ್ದೆಯ ಪ್ರಕಾರ ಎಫ್ ನಮೂನೆ ತುಂಬಬೇಕು. ಅವಳ ಹೆಸರು, ಈಗಾಗಲೇ ಇರುವ ಮಕ್ಕಳು, ಸ್ಕ್ಯಾನ್ ಮಾಡಿದ ಕಾರಣ, ಮಾಡಿದವರ ಹೆಸರು, ಲಿಂಗ ಹೇಳಿಲ್ಲವೆಂಬ ಘೋಷಣೆ ಎಲ್ಲವೂ ಅದರಲ್ಲಿ ಬರುತ್ತವೆ. ಕೆಡುಕು ನಡೆಯಲಿಲ್ಲ ಎಂಬುದಕ್ಕೆ ಆ ಹಾಳೆ ಸಾಕ್ಷಿ ಕೇಳುತ್ತದೆ. ಒಳಿತು ನಡೆಯಿತೇ ಎಂದು ಕೇಳುವ ಸಾಲೊಂದನ್ನು ಅದಕ್ಕೆ ಸೇರಿಸಬೇಕು: ತೊಡಕು ಕಂಡ ಮೇಲೆ ಅವಳು ಎಲ್ಲಿಗೆ ಹೋದಳು, ಯಾರು ಬರಮಾಡಿಕೊಂಡರು, ತಾಯಿ ಮಗು ಹೇಗಿದ್ದಾರೆ. ಆ ಸಾಲನ್ನು ತುಂಬಿ ಸಹಿ ಹಾಕಲು ಒಪ್ಪುವ ವೈದ್ಯರಿಗೆ, ಅವರು ಹುಣಸೂರಿನ ಆಸ್ಪತ್ರೆಯಲ್ಲಿರಲಿ, ಕಟ್ಟೆಮಳಲವಾಡಿಯ ಮನೆಯೊಂದರ ಪಡಸಾಲೆಯಲ್ಲಿರಲಿ, ಪ್ರೋಬ್ ಹಿಡಿಯುವ ಅನುಮತಿ ಕೊಡಬೇಕು.